ಅಷ್ಟಮಿಯ ದಿನ ಸಿಕ್ಕ ಸೆಳೆತ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆಂದು ಹೊರಡುವಾಗ ನನ್ನ ಚೀಲದಲ್ಲಿ ಮಾಸ್ಕ್, ಫಿನ್‌ಗಳ ಜೊತೆ ಒಂದು ಪಂಚಾಂಗವೂ ಇರುತ್ತದೆ. ರಾಹುಕಾಲ ನೋಡಿ ನೀರಿಗೆ ಹಾರುವವನು ಎಂದು ಜೊತೆಯವರು ನಗುತ್ತಿದ್ದರು. ನನಗೆ ಬೇಕಾದದ್ದು ತಿಥಿ ಮಾತ್ರ.

ಲೆಕ್ಕ ಸರಳವಾಗಿತ್ತು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ನಿಂತು ನೀರನ್ನು ಎಳೆಯುತ್ತಾರೆ. ಭರತ ಇಳಿತ ಜೋರು. ಅಷ್ಟಮಿಯ ಹೊತ್ತಿಗೆ ಒಬ್ಬರ ಎಳೆತ ಇನ್ನೊಬ್ಬರ ಎಳೆತಕ್ಕೆ ಅಡ್ಡ, ಸಮುದ್ರ ಸೌಮ್ಯ. ನಮ್ಮ ಕಡಲತೀರದಲ್ಲಿ ನೀರು ಏರುವುದು ಹೆಚ್ಚೆಂದರೆ ಎರಡು ಮೀಟರ್‌ನಷ್ಟು. ಇದರ ಎಷ್ಟೋ ಪಟ್ಟು ಏರಿಳಿತ ಕಾಣುವ ಗುಜರಾತಿನ ಖಂಭಾತ್ ಕೊಲ್ಲಿಯವರು ಕೇಳಿದರೆ ನಕ್ಕಾರು. ಆದರೆ ಅಷ್ಟು ಏರಬೇಕಾದರೂ ಎಲ್ಲಿಂದಲೋ ನೀರು ಅಡ್ಡಲಾಗಿ ನಡೆದು ಬರಬೇಕಲ್ಲ, ಆ ನಡಿಗೆಯೇ ನಮ್ಮನ್ನು ಎಳೆಯುವ ಸೆಳೆತ. ಇಳಿತದಿಂದ ಭರತಕ್ಕೆ ಸುಮಾರು ಆರು ಗಂಟೆ; ಏರುವ ನೀರಿನಲ್ಲಿ ಅರ್ಧದಷ್ಟು ನಡುವಿನ ಎರಡೇ ಗಂಟೆಗಳಲ್ಲಿ ಬಂದುಬಿಡುತ್ತದೆ. ಆ ಎರಡು ಗಂಟೆ ತಪ್ಪಿಸಿದರೆ ಸಾಕು ಎಂದುಕೊಂಡಿದ್ದೆ.

ಹಾಗೆಂದುಕೊಂಡೇ ಒಂದು ಡಿಸೆಂಬರ್‌ನಲ್ಲಿ ಅಷ್ಟಮಿ ನೋಡಿ ಹೋದೆವು. ದಡದಿಂದ ಸುಮಾರು 19 ಕಿ.ಮೀ. ದೂರದ ದ್ವೀಪ, ಬಡಗಣ ಗಾಳಿ ತೆಳುವಾಗಿ ಬೀಸುತ್ತಿತ್ತು. ಲಂಗರಿನ ಹಗ್ಗ ಓರೆಯಾಗಿ ಬಿಗಿದು ನಿಂತಿದ್ದನ್ನು ಕಂಡೂ ಕಾಣದಂತೆ ನಾನೂ ನನ್ನ ಜೊತೆಗಾರನೂ ಹಾರಿದೆವು.

ಹದಿನೈದು ಮೀಟರ್ ಆಳದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಮೀನುಗಳು. ಹಿಂಡಿಗೆ ಹಿಂಡೇ ದಕ್ಷಿಣಕ್ಕೆ ಮುಖ ಮಾಡಿ ಬಾಲ ಬಡಿಯುತ್ತಿದ್ದರೂ ಇದ್ದಲ್ಲೇ ಇದ್ದವು. ನನ್ನ ಗುಳ್ಳೆಗಳು ನೆಟ್ಟಗೆ ಮೇಲೇರದೆ ಉತ್ತರಕ್ಕೆ ವಾಲಿ ಹೋಗುತ್ತಿದ್ದವು. ಹಗ್ಗದ ಕಡೆ ತಿರುಗಿ ಜೋರಾಗಿ ಕಾಲು ಬಡಿದೆ. ಬಿಳಿ ಗೀರಿದ್ದ ಒಂದು ಬಂಡೆ ಎಡಕ್ಕಿತ್ತು. ಐದು ನಿಮಿಷ ಬಿಟ್ಟು ನೋಡಿದರೂ ಅದೇ ಬಂಡೆ, ಅದೇ ಗೀರು. ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡ ತೋರುವ ಗೇಜಿನ ಮುಳ್ಳು ಮಾತ್ರ 140 ಬಾರ್‌ನಿಂದ 100ಕ್ಕೆ ಇಳಿದಿತ್ತು. ನೀರಿನ ವೇಗ ಇಮ್ಮಡಿಯಾದರೆ ಮೈಮೇಲೆ ಬೀಳುವ ಬಲ ನಾಲ್ಕು ಪಟ್ಟು ಎಂಬುದನ್ನು ಓದಿದ್ದೆ; ಅಂದು ತೊಡೆಗಳಿಗೆ ಅರ್ಥವಾಯಿತು.

ತಳಕ್ಕೆ ಇನ್ನಷ್ಟು ಅಂಟಿಕೊಂಡೆವು. ಬಂಡೆಗಳಿಗೆ ಉಜ್ಜಿ ಸಾಗುವುದರಿಂದ ತಳದ ನೀರು ಸ್ವಲ್ಪ ನಿಧಾನ. ಹವಳವಿಲ್ಲದ ಬರಿಬಂಡೆ ಹುಡುಕಿ ಬೆರಳೂರಿ ನಾಲ್ಕು ಮಾರು ಮುಂದೆ ಹೋದದ್ದಷ್ಟೇ ಲಾಭ. ಕೊನೆಗೆ ಹಟ ಬಿಟ್ಟು, ದೋಣಿಯವರಿಗೆ ಕಾಣಲೆಂದು ಕಿತ್ತಳೆ ಬಣ್ಣದ ತೇಲುಬುರುಡೆ (ಬೋಯಾ) ಮೇಲೆ ಕಳಿಸಿ, ನೀರಿನ ಜೊತೆಯೇ ಹೊರಟೆವು. ಮೇಲೆ ಬರುವ ಮೊದಲು, ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲೆಂದು ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕಲ್ಲ. ಕಡಲಲ್ಲಿ ವೇಗ ಅಳೆಯುವುದು ನಾಟ್‌ನಲ್ಲಿ; ಒಂದು ನಾಟ್ ಎಂದರೆ ನಿಮಿಷಕ್ಕೆ ಸುಮಾರು 30 ಮೀಟರ್, ಅಂದಿನ ಸೆಳೆತ ಅಷ್ಟಿತ್ತು. ‘ನಿಂತ’ ಆ ಮೂರು ನಿಮಿಷದಲ್ಲೇ ನೂರು ಮೀಟರ್‌ನಷ್ಟು ಪ್ರಯಾಣವಾಯಿತು. ತಲೆ ಎತ್ತಿದಾಗ ನಮ್ಮ ದೋಣಿ ಅಂಗೈಯಗಲ ಕಾಣುತ್ತಿತ್ತು.

ಬಂದು ಎತ್ತಿಕೊಂಡ ತಾಂಡೇಲ, ಅಂದರೆ ದೋಣಿ ನಡೆಸುವವರು, ಬೈಯಲಿಲ್ಲ. “ಗಾಳಿ ತೆಂಕಿಗೆ, ನೀರು ಬಡಗಿಗೆ. ಚಳಿಗಾಲದಲ್ಲಿ ಹೀಗೇ ಮಾರಾಯರೆ, ನಿಮ್ಮ ಪುಸ್ತಕದಲ್ಲಿ ಇಲ್ಲವಾ?” ಎಂದರು. ಪಂಚಾಂಗದಲ್ಲಿ ಇರಲಿಲ್ಲ.

ಆಮೇಲೆ ಕುಳಿತು ಓದಿದೆ. ಭಾರತದ ಪಶ್ಚಿಮ ಕರಾವಳಿಗುಂಟ ಋತುವಿಗೆ ತಕ್ಕಂತೆ ದಿಕ್ಕು ಬದಲಿಸುವ ಒಂದು ಪ್ರವಾಹವಿದೆ. ಮಳೆಗಾಲದಲ್ಲಿ ದಕ್ಷಿಣಕ್ಕೆ ಹರಿಯುತ್ತದೆ. ಆಗ ಡೈವಿಂಗ್ ಇಲ್ಲ, ನಮಗೆ ಲೆಕ್ಕಕ್ಕಿಲ್ಲ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಉತ್ತರಕ್ಕೆ ತಿರುಗುತ್ತದೆ, ಅದೂ ಎದುರು ಗಾಳಿಯಲ್ಲಿ. ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಾದ ನೀರು ಶ್ರೀಲಂಕಾ ಸುತ್ತಿ ಬಂದು ಸೇರುವ ಆ ತಿಂಗಳುಗಳಲ್ಲಿ ದಕ್ಷಿಣದ ಸಮುದ್ರಮಟ್ಟ ತುಸು ಎತ್ತರ. ನೀರು ಇಳಿಜಾರು ಹಿಡಿಯುತ್ತದೆ. ಮುಖ್ಯ ಧಾರೆ ನೇತ್ರಾಣಿಗಿಂತ ಬಹಳ ಹೊರಗೆ, ಆಳ ಹೆಚ್ಚುವ ಅಂಚಿನಲ್ಲಿದೆ. ಆದರೂ ಅದರ ಪಾಲು ನಮಗೂ ಸಿಗುತ್ತದೆ. ಜೊತೆಗೆ ದ್ವೀಪದ ಕರಾಮತ್ತು ಬೇರೆ: ದಾರಿಗೆ ಅಡ್ಡ ನಿಂತ ಗುಡ್ಡದ ಎರಡೂ ಬದಿಗೆ ನೀರು ಸೀಳಿಕೊಳ್ಳುತ್ತದೆ, ಮೂಲೆಗಳಲ್ಲಿ ಬಿರುಸಾಗುತ್ತದೆ, ಮರೆಯ ಬದಿಯಲ್ಲಿ ಸುಳಿಯಾಗಿ ಸುತ್ತುತ್ತದೆ. ನಾವು ಇಳಿದದ್ದು ಸರಿಯಾಗಿ ಮೂಲೆಯಲ್ಲೇ.

ಈಗ ಲಂಗರು ಬಿದ್ದ ಮೇಲೆ ದೋಣಿಯ ಮೂತಿಯಿಂದ ತೆಂಗಿನ ನಾರಿನ ಒಂದು ಉಂಡೆ ಎಸೆಯುತ್ತೇನೆ. ಹತ್ತು ಮೀಟರ್ ಉದ್ದದ ದೋಣಿಯನ್ನು ಇಪ್ಪತ್ತು ಸೆಕೆಂಡಿನಲ್ಲಿ ದಾಟಿದರೆ ಒಂದು ನಾಟ್. ಅಂದು ಚಹಾ ಕುಡಿದು ಕಾಯುವುದು. ನಲವತ್ತು ಸೆಕೆಂಡು ಹಿಡಿದರೆ ಇಳಿಯಬಹುದು, ಆದರೆ ಮೊದಲು ಎದುರು ನೀರಿಗೆ ಈಜಿ, ಬರುವಾಗ ನೀರಿನ ಜೊತೆ ಬರಬೇಕು. ಮಧ್ಯಾಹ್ನದ ಕಡಲಗಾಳಿ ಎದ್ದ ಮೇಲೆ ನಾರನ್ನು ಪೂರ್ತಿ ನಂಬುವುದಿಲ್ಲ. ಗಾಳಿ ತಳ್ಳುವುದು ಮೇಲಿನ ಪದರವನ್ನು, ಅದರಡಿ ನೀರು ಬೇರೆಯೇ ದಿಕ್ಕು ಹಿಡಿದಿರಬಹುದು. ಅದಕ್ಕೇ ಹಗ್ಗ ಹಿಡಿದೇ ಇಳಿದು ಐದು ಮೀಟರ್‌ನಲ್ಲಿ ಒಮ್ಮೆ ನಿಂತು ಗುಳ್ಳೆಗಳ ವಾಲು ನೋಡುತ್ತೇನೆ.

ಪಂಚಾಂಗವನ್ನು ಬಿಟ್ಟಿಲ್ಲ. ಡೈವ್ ಪುಸ್ತಕದಲ್ಲಿ ತಿಥಿಯ ಪಕ್ಕ ಗಾಳಿ, ಹಗ್ಗದ ಓರೆ, ನಾರಿನ ಸೆಕೆಂಡು ಬರೆಯುತ್ತೇನೆ. ಕಳೆದ ಜನವರಿಯಲ್ಲಿ ಅಮಾವಾಸ್ಯೆಯ ಮರುದಿನ ಹೋಗಿದ್ದೆವು. ಭರತದ ಓಟ ಉತ್ತರದ ಹರಿವಿಗೆ ಎದುರಾಗಿತ್ತೋ ಏನೋ, ಹಗ್ಗ ಬಾವಿಗೆ ಬಿಟ್ಟಂತೆ ನೆಟ್ಟಗೆ ನಿಂತಿತ್ತು. ನಾರಿನ ಉಂಡೆ ದೋಣಿಯ ಪಕ್ಕದಲ್ಲೇ ತೇಲುತ್ತಿತ್ತು. ತಾಂಡೇಲರು ಅದನ್ನು ಕೈಚಾಚಿ ಎತ್ತಿ ನನಗೇ ಕೊಟ್ಟರು.