ಕಾರಲ್ಲಿ ಬೇಸ್ ಬೇಕು, ಕಿವೀನೂ ಉಳೀಬೇಕು ಅಂದ್ರೆ ಹೇಗೆ ಸೆಟ್ ಮಾಡ್ಬೇಕು?

ಸಂಕ್ರಾಂತಿ ಕಳೆದ ವಾರ ಚಿಕ್ಕಪ್ಪನ ಮಗನ ಕಾರಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಮದುವೆಗೆ ಹೋಗಿದ್ವಿ. ಡಿಕ್ಕೀಲಿ 12 ಇಂಚಿನ ಸಬ್‌ವೂಫರ್ (ಬೇಸ್, ಅಂದ್ರೆ ತಗ್ಗು ಸ್ವರ ಮಾತ್ರ ಬಾರಿಸೋ ದೊಡ್ಡ ಸ್ಪೀಕರ್), ಗಾಜನೂರು ದಾಟೋ ಹೊತ್ತಿಗೆ ಹಿಂದಿನ ನಂಬರ್ ಪ್ಲೇಟು ಗಡಗಡ ಅಂತಿತ್ತು, ನನಗೆ ಎದೆ ಒಳಗೇ ಯಾರೋ ಗುದ್ದಿದ ಹಾಗೆ. ಛತ್ರದ ಮುಂದೆ ಇಳಿದವನು "ಅಣ್ಣ, ಈ ಚಳೀಲೂ ಜೀರುಂಡೆ ಹೀಗೆ ಕೂಗ್ತಿದಾವಲ್ಲ" ಅಂದ. ಜೀರುಂಡೆ ಎಲ್ಲೂ ಇರ್ಲಿಲ್ಲ, ಅವನ ಕಿವೀಲಿತ್ತು.

ಒಳಕಿವೀಲಿ ಬಸವನಹುಳದ ಚಿಪ್ಪಿನ ಹಾಗೆ ಒಂದು ಸುರುಳಿ ಇದೆ, ಅದರಲ್ಲಿ ಸುಮಾರು 15,000 ಕೂದಲು ಕೋಶ ಇರುತ್ವೆ, ಶಬ್ದ ಹಿಡಿಯೋದೇ ಅವು. ಸತ್ತ್ರೆ ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ. ಬೇಸಿನ ತೊಂದರೆ ಏನಂದ್ರೆ ನಮ್ಮ ಕಿವಿಗೆ ತಗ್ಗು ಸ್ವರ ಕಮ್ಮಿ ಕೇಳ್ಸತ್ತೆ, ಹಾಗಾಗಿ ಸಾಲಲ್ಲ ಸಾಲಲ್ಲ ಅಂತ ಏರಿಸ್ತಾ ಹೋಗ್ತೀವಿ, ಜೊತೆಗೆ ಉಳಿದ ಸೌಂಡೂ ಏರತ್ತೆ. ಅದಕ್ಕೇ ಕಿವಿ ನಂಬ್ಬೇಡಿ, ಅಳೀರಿ.

ಮೊದಲು ಫೋನಿಗೆ ಒಂದು ಸೌಂಡ್ ಮೀಟರ್ ಆಪ್ ಹಾಕ್ಕೊಳ್ಳಿ. ಗಾಡಿ ನಿಲ್ಸಿ, ಗ್ಲಾಸ್ ಏರ್ಸಿ, ದಿನಾ ಕೇಳೋ ವಾಲ್ಯೂಮಲ್ಲೇ ಹಾಡು ಹಾಕಿ ಫೋನನ್ನ ಡ್ರೈವರ್ ಕಿವಿ ಪಕ್ಕ ಹಿಡೀರಿ. ಎ ಸೆಟ್ಟಿಂಗಲ್ಲಿ (ನಮ್ಮ ಕಿವಿಗೆ ಕೇಳೋ ಹಾಗೆ ಅಳೆಯೋದು, ಆಪಲ್ಲಿ dBA ಅಂತಿರತ್ತೆ) ಬರೋ ನಂಬರ್ ಬರ್ಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ ಕೇಳ್ಬಹುದು, 90 ಆದ್ರೆ 4 ಗಂಟೆ, 100 ಆದ್ರೆ ವಾರಪೂರ್ತಿಗೆ ಬರೀ 20 ನಿಮಿಷ. ಆಮೇಲೆ ಸಿ ಸೆಟ್ಟಿಂಗಿಗೆ ಹಾಕಿ. ಎ ಸೆಟ್ಟಿಂಗು 50 ಹರ್ಟ್ಜ್ ಹತ್ರ, ಅಂದ್ರೆ ತೀರಾ ತಗ್ಗು ಸ್ವರಕ್ಕೆ, 30 ಡೆಸಿಬಲ್ ಕಳೆದೇ ತೋರ್ಸೋದು, ಸಿ ಹಾಗೆ ಕಳೆಯಲ್ಲ, ಎರಡರ ಮಧ್ಯ ದೊಡ್ಡ ಅಂತರ ಬಂತು ಅಂದ್ರೆ ಬೇಸ್ ಅತಿ ಆಗಿದೆ ಅಂತ. ಫೋನ್ ಮೈಕಿಗೆ ತಗ್ಗು ಸ್ವರ ಪೂರ್ತಿ ಸಿಗೋದೂ ಇಲ್ಲ, ನಿಜವಾದ್ದು ಇನ್ನೂ ಜಾಸ್ತಿನೇ ಇರತ್ತೆ.

ಇನ್ನು ಸ್ಟೀರಿಯೋದಲ್ಲಿ ಬೇಸ್ ಬೂಸ್ಟ್, ಲೌಡ್ನೆಸ್ ಎರಡೂ ಆಫ್ ಮಾಡಿ, ಆಂಪ್ಲಿಫೈಯರಲ್ಲಿ ಲೋ ಪಾಸ್ (ಸಬ್‌ವೂಫರಿಗೆ ತಗ್ಗು ಸ್ವರ ಮಾತ್ರ ಬಿಡೋ ಫಿಲ್ಟರ್) 80 ಹರ್ಟ್ಜಿಗೆ ಇಡಿ. ಅದರಲ್ಲೇ ಇರೋ ಗೇನ್ ಅನ್ನೋದು ವಾಲ್ಯೂಮ್ ಅಲ್ಲ, ಸ್ಟೀರಿಯೋದಿಂದ ಬರೋ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನ ಹೊಂದಿಸೋ ತಿರುಗಣೆ, ಫಿಟ್ಟಿಂಗ್ ಮಾಡೋ ಹುಡುಗ್ರೂ ಎಷ್ಟೋ ಸಲ ಫುಲ್ ತಿರುಗಿಸಿ ಕೊಟ್ಟುಬಿಡ್ತಾರೆ. ಪೂರ್ತಿ ಇಳಿಸಿ, ನಿಧಾನಕ್ಕೆ ಏರ್ಸಿ, ಸೌಂಡ್ ಒಡೆಯೋಕೆ ಶುರುವಾದ ಕೂಡ್ಲೆ ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಒಂದು ಗಂಟೆ ಕೇಳಿದ್ರೆ ಹತ್ತು ನಿಮಿಷ ಬಂದ್ ಮಾಡಿ. ಮಗು ಹಿಂದಿನ ಸೀಟಲ್ಲಿದ್ರೆ ಸಬ್ ಹಾಕ್ಲೇಬೇಡಿ, ಡಿಕ್ಕಿಗೆ ಹತ್ರ ಇರೋದು ಅದೇ.

ಆಗುಂಬೆ ಘಾಟಿ ತಿರುವಲ್ಲಿ ಪೂರ್ತಿ ಆಫ್ ಮಾಡಿ ದಯವಿಟ್ಟು, ಎದುರಿಂದ ಬರೋ ಬಸ್ಸಿನ ಹಾರ್ನೇ ಅಲ್ಲಿ ನಿಮಗೆ ಕಣ್ಣು. ಊರೊಳಗೆ ಆಸ್ಪತ್ರೆ, ಶಾಲೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ 2000ದ ಶಬ್ದಮಾಲಿನ್ಯ ನಿಯಮದಲ್ಲೇ ಇದೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮುಂದೆ ಹೋಗೋರು ನೆನಪಿಟ್ಕೊಳ್ಳಿ. ರಾತ್ರಿ 10ರ ಮೇಲಂತೂ ಬೇಡ. ತಗ್ಗು ಸ್ವರ ಗೋಡೆ ದಾಟಿ ಹೋಗತ್ತೆ, ಒಳಗೆ ಮಲಗಿರೋ ಬಿಪಿ ಇರೋ ಅಜ್ಜಿಗೆ ಹಾಡು ಕೇಳ್ಸಲ್ಲ, ಬರೀ ದಬ್ ದಬ್.

ಓಡಿಸ್ತಾ ಇದ್ದಾಗ ಇದ್ದಕ್ಕಿದ್ದ ಹಾಗೆ ಎದೆ ಒಂದು ಪಕ್ಕ ಚುಚ್ಚಿ ಉಸಿರು ಕಟ್ಟಿದ್ರೆ ನಿಲ್ಸಿ ಆಸ್ಪತ್ರೆಗೆ ಹೋಗಿ. ಜೋರು ಸಂಗೀತದ ಮಧ್ಯ ಶ್ವಾಸಕೋಶದ ಗಾಳಿ ಎದೆಗೂಡಿಗೆ ಸೋರಿದ ಕೇಸುಗಳನ್ನ ಬೆಲ್ಜಿಯಂ ಡಾಕ್ಟರುಗಳು 2004ರಲ್ಲಿ ಬರೆದಿದಾರೆ, ಅದರಲ್ಲಿ ಒಬ್ಬ ಕಾರಲ್ಲಿ 1000 ವ್ಯಾಟ್ ಬೇಸ್ ಬಾಕ್ಸ್ ಇಟ್ಕೊಂಡಿದ್ದ 19ರ ಹುಡುಗ. ಅಪರೂಪ ಹೌದು, ಆದ್ರೆ ಎತ್ತರಕ್ಕೆ ತೆಳ್ಳಗಿದ್ದು ಸಿಗರೇಟ್ ಸೇದೋರಿಗೆ ಅಪಾಯ ಜಾಸ್ತಿ.

ಕಿವೀಲಿ ಗುಂಯ್ ಅನ್ನೋದು ಎರಡು ದಿನಕ್ಕೂ ನಿಲ್ಲಲಿಲ್ಲ ಅಂದ್ರೆ ಇಎನ್‌ಟಿ ಡಾಕ್ಟರ್ ಹತ್ರ ಹೋಗಿ, ಒಂದು ಕಿವಿ ದಿಢೀರಂತ ಮುಚ್ಚಿಹೋದ್ರೆ ಅವತ್ತೇ. ತಮ್ಮನಿಗೆ ಮರುದಿನ ಸಂಜೆಗೆ ನಿಂತಿತ್ತು, ಆದ್ರೂ ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳತ್ತೆ ಅಂತ ನೋಡೋ ಟೆಸ್ಟ್) ಮಾಡ್ಸಿದ್ವಿ. ಗ್ರಾಫಲ್ಲಿ 4000 ಹರ್ಟ್ಜ್ ಹತ್ರ ಗೆರೆ ಕೆಳಗೆ ಬಿದ್ದಿತ್ತು, ಜೋರು ಶಬ್ದದಿಂದ ಕಿವಿ ಕೆಟ್ರೆ ಮೊದಲು ಬೀಳೋ ಜಾಗ ಅದೇ ಅಂತೆ, ಸ, ಶ ತರದ ಅಕ್ಷರ ತಪ್ಪೋದು ಅಲ್ಲಿಂದ. ವರ್ಷಕ್ಕೊಂದ್ಸಲ ಆ ಟೆಸ್ಟ್ ಮಾಡ್ಸಿ, ಹಳೇ ಗ್ರಾಫ್ ಬಿಸಾಡ್ಬೇಡಿ, ಮುಂದಿನ ಸಲ ಹೋಲಿಸಿ ನೋಡೋಕೆ ಡಾಕ್ಟರಿಗೆ ಅದೇ ಬೇಕಾಗತ್ತೆ.