ಗಿಣಿ ತಾನಾಗಿ ಕೈಗೆ ಬರಬೇಕೆಂದರೆ

ಹೊಸ ಹಕ್ಕಿ ಮನೆಗೆ ಬಂದ ದಿನವೇ ಪಂಜರದೊಳಗೆ ಕೈ ಹಾಕಿ ಹಿಡಿದು ಮಕ್ಕಳಿಗೆ ತೋರಿಸುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಹಕ್ಕಿ ಕಿರುಚುತ್ತದೆ, ಕಚ್ಚುತ್ತದೆ, ನಾಲ್ಕಾರು ದಿನ ಹೀಗೇ ಮಾಡಿದರೆ ಸುಮ್ಮನಾಗಿಬಿಡುತ್ತದೆ. ಪಳಗಿತು ಎಂದು ಮನೆಯವರು ಖುಷಿಪಡುತ್ತಾರೆ. ಆದರೆ ಹಾಗೆ ಸುಮ್ಮನಾದ ಹಕ್ಕಿ ಹೆದರಿ ಸೋತು ಕೂತಿರುತ್ತದೆ. ಗಿಣಿಗೆ ಮೇಲಿನಿಂದ ಇಳಿದು ಬಂದು ಹಿಡಿಯುವುದೆಲ್ಲ ಗಿಡುಗವೇ. ಆ ಹೆದರಿಕೆ ಹೋಗಬೇಕಾದರೆ, ಬೇಡವೆನಿಸಿದಾಗ ದೂರ ಸರಿಯುವ ಅವಕಾಶ ಹಕ್ಕಿಗೆ ಇರಬೇಕು. ಮುಂದೆ ಹೇಳುವುದೆಲ್ಲ ಇದನ್ನೇ ನೆಚ್ಚಿಕೊಂಡಿದೆ.

ಯಾವ ಗಿಣಿ?

ನಮ್ಮ ಅಡಿಕೆ ತೋಟ, ಗದ್ದೆಗಳ ಮೇಲೆ ಕೂಗುತ್ತ ಹಾರುವ ಹಸಿರು ಗಿಣಿ, ಕೆನ್ನೇರಳೆ ತಲೆಯ ಗಿಣಿ, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ನೀಲಿ ರೆಕ್ಕೆಯ ಗಿಣಿ, ಇವನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮರ ಉರುಳಿದಾಗ ಪೊಟರೆಯಲ್ಲಿ ಮರಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ. ಕಾಡಿನ ಹಕ್ಕಿಯನ್ನು ಪ್ರೀತಿಯಿಂದ ಸಾಕುತ್ತೇವೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಜಾಗ ಮರದ ಪೊಟರೆಯೇ.

ಸಾಕಲು ಆಸೆಯಿದ್ದರೆ ಪಂಜರದಲ್ಲೇ ಹುಟ್ಟಿ ಬೆಳೆದ ಕಾಕಟೀಲ್ ಅಥವಾ ಬಜರಿಗರ್ ತನ್ನಿ. ಎರಡೂ ಆಸ್ಟ್ರೇಲಿಯಾ ಮೂಲದ ಸಣ್ಣ ಗಿಣಿಗಳು. ಕಾನ್ಯೂರ್, ಮಕಾವ್, ಆಫ್ರಿಕನ್ ಗ್ರೇ ಮುಂತಾದ ವಿದೇಶಿ ಗಿಣಿಗಳು ಸೈಟಿಸ್ ಎಂಬ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ, ಅವನ್ನು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಪಂಜರ ಎಲ್ಲಿರಬೇಕು?

ಜನ ಓಡಾಡುವ ಕೋಣೆಯಲ್ಲಿ, ಒಂದು ಬದಿ ಗೋಡೆಗೆ ತಾಗಿದಂತೆ, ನಮ್ಮ ಎದೆಯೆತ್ತರಕ್ಕೆ ಇಡಿ. ಬೆನ್ನ ಹಿಂದೆ ಗೋಡೆಯಿದ್ದರೆ ಹಕ್ಕಿಗೆ ಧೈರ್ಯ. ಅಡುಗೆಮನೆ ಮಾತ್ರ ಖಂಡಿತ ಬೇಡ. ಕಾದು ಸೀದ ನಾನ್‌ಸ್ಟಿಕ್ ಬಾಣಲೆಯಿಂದ ಏಳುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಬಚ್ಚಲೊಲೆಯ ಹೊಗೆ, ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ, ಸೊಳ್ಳೆ ಬತ್ತಿ ಇವೂ ಹಕ್ಕಿಯಿಂದ ದೂರವಿರಲಿ. ಕೂರಲು ಪ್ಲಾಸ್ಟಿಕ್ ಕಡ್ಡಿಯ ಬದಲು ಔಷಧಿ ಹೊಡೆಯದ ಪೇರಲೆ ಕೊಂಬೆಗಳನ್ನು ತೊಳೆದು ಕಟ್ಟಿ, ಒಂದು ದಪ್ಪ, ಒಂದು ಸಣ್ಣ.

ಮೊದಲ ವಾರ: ಸುಮ್ಮನೆ ಜೊತೆಗಿರಿ

ಪಂಜರದ ಪಕ್ಕ ಕೂತು ಪೇಪರ್ ಓದಿ, ಹೂ ಕಟ್ಟಿ, ಮೆಲುದನಿಯಲ್ಲಿ ಮಾತಾಡಿ. ಹಕ್ಕಿಯನ್ನು ಎವೆಯಿಕ್ಕದೆ ದಿಟ್ಟಿಸಬೇಡಿ. ಈ ದಿನಗಳಲ್ಲಿ ಅದರ ಮೈ ಏನು ಹೇಳುತ್ತದೆಂದು ಕಲಿಯಿರಿ. ಕಾಕಟೀಲ್ ಜುಟ್ಟನ್ನು ತಲೆಗೆ ಒತ್ತಿಕೊಂಡು ಬುಸುಗುಟ್ಟಿದರೆ ‘ಹತ್ತಿರ ಬರಬೇಡ’ ಎಂದರ್ಥ. ಜುಟ್ಟು ನೆಟ್ಟಗೆ ನಿಂತರೆ ಗಾಬರಿ ಅಥವಾ ಕುತೂಹಲ. ಪುಕ್ಕವನ್ನು ಮೈಗಂಟಿಸಿಕೊಂಡು ಉದ್ದಕ್ಕೆ ನಿಂತರೆ ಹಾರಲು ಸಿದ್ಧವಾಗಿದೆ. ಒಂಟಿ ಕಾಲಲ್ಲಿ ನಿಂತು ಕೊಕ್ಕು ಮಸೆಯುತ್ತಿದ್ದರೆ ಮನಸ್ಸು ಹಗುರಾಗಿದೆ. ಹಕ್ಕಿ ಮುಂಚಿತವಾಗಿ ಹೇಳಿಯೇ ಕಚ್ಚುವುದು. ಅದು ಹೇಳಿದ್ದನ್ನು ನಾವು ಕೇಳಿಸಿಕೊಳ್ಳದಿದ್ದಾಗ ಕೊಕ್ಕು ಬರುತ್ತದೆ.

ಕೈಯಿಂದ ತಿನಿಸು

ನವಣೆ ತೆನೆಯೆಂದರೆ ಈ ಹಕ್ಕಿಗಳಿಗೆ ಪ್ರಾಣ. ತಟ್ಟೆಯಲ್ಲಿ ಅದನ್ನು ಹಾಕಲೇಬೇಡಿ, ನಿಮ್ಮ ಕೈಯಿಂದ ಮಾತ್ರ ಸಿಗಲಿ. ಉದ್ದದ ತೆನೆಯ ಒಂದು ತುದಿ ಹಿಡಿದು ಇನ್ನೊಂದನ್ನು ಸರಳುಗಳ ನಡುವೆ ಚಾಚಿ, ಕೈ ಅಲುಗಿಸದೆ ಕಾಯಿರಿ. ಬರಲಿಲ್ಲವೇ? ಹಿಂದಕ್ಕೆ ತೆಗೆದುಕೊಳ್ಳಿ, ಸಂಜೆ ಮತ್ತೆ ನೋಡಿ. ಹಸಿವಿನಿಂದ ಬಗ್ಗಿಸಲು ಊಟ ತಡೆಯುವುದು ಕ್ರೌರ್ಯ, ಸಣ್ಣ ಹಕ್ಕಿಗೆ ಅಪಾಯವೂ ಹೌದು.

ಬಂದು ಕುಟುಕತೊಡಗಿದರೆ ದಿನದಿನಕ್ಕೆ ತೆನೆಯನ್ನು ಗಿಡ್ಡ ಮಾಡುತ್ತ ಬನ್ನಿ. ಕೊಕ್ಕು ಬೆರಳಿನ ಸಮೀಪ ಬಂದರೂ ಅಂಜದಿದ್ದರೆ ಬಾಗಿಲು ತೆರೆದು ಅಂಗೈಯಲ್ಲಿ ಕಾಳು ಹಿಡಿಯಿರಿ. ಕೈ ಯಾವಾಗಲೂ ಕೆಳಗಿನಿಂದ, ನಿಧಾನಕ್ಕೆ ಬರಲಿ. ಈ ಹಂತಕ್ಕೆ ಕೆಲವು ಹಕ್ಕಿಗೆ ವಾರ ಸಾಕು, ಹಿಂದೆ ಯಾರೋ ಒರಟಾಗಿ ಹಿಡಿದ ಹಕ್ಕಿಗೆ ತಿಂಗಳುಗಳೇ ಬೇಕಾದೀತು.

ಕಡ್ಡಿ ಮುಟ್ಟುವ ಆಟ

ತರಬೇತಿಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ. ಒಂದು ಊದುಬತ್ತಿಯುದ್ದದ ಮರದ ಕಡ್ಡಿಯನ್ನು ಹಕ್ಕಿಯ ಮುಂದೆ ಸ್ವಲ್ಪ ದೂರದಲ್ಲಿ ಹಿಡಿಯಿರಿ. ಕುತೂಹಲಕ್ಕೆ ಕೊಕ್ಕು ತಾಗಿಸಿದ ಆ ಕ್ಷಣದಲ್ಲೇ ‘ಶಭಾಶ್’ ಎನ್ನಿ, ಕಾಳು ಕೊಡಿ. ಶಬ್ದ ಪ್ರತಿ ಸಲ ಅದೇ ಇರಬೇಕು, ತಡವಾಗಬಾರದು. ಎರಡು ಸೆಕೆಂಡ್ ತಡವಾದರೂ ಯಾವುದಕ್ಕೆ ಕಾಳು ಸಿಕ್ಕಿತೆಂದು ಹಕ್ಕಿಗೆ ತಿಳಿಯುವುದಿಲ್ಲ. ಕಡ್ಡಿ ಮುಟ್ಟಿದರೆ ಕಾಳು ಎಂಬುದು ಗೊತ್ತಾದ ಮೇಲೆ ಕಡ್ಡಿಯನ್ನು ಒಂದು ಹೆಜ್ಜೆ ಆಚೆ, ಆಮೇಲೆ ಇನ್ನೊಂದು ಕೊಂಬೆಯ ತುದಿಗೆ ಒಯ್ಯಿರಿ. ಹಕ್ಕಿ ಹಿಂಬಾಲಿಸುತ್ತದೆ. ಕೈ ತಾಗಿಸದೆಯೇ ಅದನ್ನು ಬೇಕಾದಲ್ಲಿಗೆ ಕರೆಯಬಹುದು, ಒಳಗೆ ಹೋಗೆಂದು ಅಟ್ಟಿಸಿಕೊಂಡು ಓಡುವ ಪ್ರಮೇಯವೇ ಇರುವುದಿಲ್ಲ.

ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಸಲ ಸಾಕು. ಹಕ್ಕಿಗೆ ಬೇಸರವಾಗುವ ಮೊದಲೇ ನೀವೇ ನಿಲ್ಲಿಸಿ.

ಬೆರಳ ಮೇಲೆ

ತೋರುಬೆರಳನ್ನು ಕೊಂಬೆಯಂತೆ ಅಡ್ಡಲಾಗಿ ಚಾಚಿ, ಕಾಲಿನ ತುಸು ಮೇಲೆ, ಹೊಟ್ಟೆಯ ಹತ್ತಿರ ತನ್ನಿ. ಬೆರಳಿನಾಚೆ ಕಡ್ಡಿ ಹಿಡಿಯಿರಿ. ಕಡ್ಡಿ ಮುಟ್ಟಲು ಹಕ್ಕಿ ಬೆರಳ ಮೇಲೆ ಒಂದು ಕಾಲಿಟ್ಟರೂ ಕಾಳು ಕೊಡಿ. ಎರಡೂ ಕಾಲಿಟ್ಟಾಗ ‘ಬಾ’ ಎನ್ನುವುದನ್ನು ಜೋಡಿಸಿ. ಹತ್ತುವ ಮೊದಲು ಕೊಕ್ಕಿನಿಂದ ಬೆರಳನ್ನು ಒತ್ತಿ ನೋಡುವುದು ಅದರ ಅಭ್ಯಾಸ, ಆಧಾರ ಗಟ್ಟಿಯಿದೆಯೇ ಎಂಬ ಪರೀಕ್ಷೆ. ಆಗ ಹೆದರಿ ಬೆರಳು ಹಿಂದೆಳೆದರೆ ಮುಂದಿನ ಸಲ ಅದು ನಿಮ್ಮ ಕೈಯನ್ನು ನೆಚ್ಚುವುದಿಲ್ಲ. ನಿಜವಾಗಿ ಕಚ್ಚಿದರೆ ಕೂಗಬೇಡಿ, ಕೊಕ್ಕಿಗೆ ಹೊಡೆಯಬೇಡಿ, ಊದಬೇಡಿ. ಸದ್ದಿಲ್ಲದೆ ಕೊಂಬೆಯ ಮೇಲಿಳಿಸಿ, ಹಿಂದಿನ ಹಂತಕ್ಕೆ ಮರಳಿ.

ಸವರುವುದಾದರೆ ತಲೆ, ಕತ್ತು ಮಾತ್ರ. ಬೆನ್ನು, ಹೊಟ್ಟೆ ಸವರಿದರೆ ಹಕ್ಕಿ ನಿಮ್ಮನ್ನು ಜೋಡಿಯೆಂದು ತಿಳಿದು ಸಿಡುಕಾಗುತ್ತದೆ.

ಮಳೆಗಾಲದಲ್ಲಿ

ನಮ್ಮ ಜಡಿಮಳೆಗೆ ಕಾಳು ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ವಿಷ ಯಕೃತ್ತು ಕೆಡಿಸುತ್ತದೆ. ಸ್ವಲ್ಪಸ್ವಲ್ಪವೇ ತಂದು ಗಾಳಿಯಾಡದ ಡಬ್ಬದಲ್ಲಿಡಿ. ಕರೆಂಟು ಹೋದ ರಾತ್ರಿ, ಸಿಡಿಲಿನ ಸದ್ದಿಗೆ ಕಾಕಟೀಲ್ ಬೆಚ್ಚಿ ಕತ್ತಲಲ್ಲಿ ಸರಳಿಗೆ ಬಡಿದುಕೊಳ್ಳುತ್ತದೆ. ಬ್ಯಾಟರಿಯ ಸಣ್ಣ ದೀಪವೊಂದು ಉರಿಯುತ್ತಿರಲಿ.

ವೈದ್ಯರ ಬಳಿಗೆ

ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತರೆ ಕಾಯಬೇಡಿ. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಆದರೆ ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಅದು ದೂರದ ಪಯಣ. ಆದ್ದರಿಂದ ಹಕ್ಕಿ ಆರೋಗ್ಯವಾಗಿರುವಾಗಲೇ ಕಡ್ಡಿಯ ಆಟದಿಂದ ಅದನ್ನು ಒಂದು ಸಣ್ಣ ಪಂಜರಕ್ಕೆ ಹತ್ತಿಸಿ, ಒಳಗೆ ನವಣೆ ಕೊಟ್ಟು, ಮತ್ತೆ ಹೊರಗೆ ಬಿಡಿ. ಕೆಲವು ದಿನ ಹೀಗೆ ಮಾಡಿದ ಮೇಲೆ ಬಾಗಿಲು ಹಾಕಿ, ಅಂಗಳದಲ್ಲಿ ಒಂದು ಸುತ್ತು ಹೋಗಿ ಬನ್ನಿ. ಬಸ್ಸಿನಲ್ಲಿ ಹೋಗುವಾಗ ಮೂರು ಬದಿಗೆ ತೆಳು ಬಟ್ಟೆ ಕಟ್ಟಿ, ನಿಮ್ಮ ಮುಖ ಕಾಣುವ ಬದಿಯನ್ನು ತೆರೆದಿಡಿ.