ಗೋಕರ್ಣದ ಬೀಚ್ ಚಾರಣ: ಬ್ಯಾಗ್ ತುಂಬುವ ಮೊದಲು ತಿಥಿ ನೋಡಿ

ದಾವಣಗೆರೆಯಿಂದ ಗೋಕರ್ಣಕ್ಕೆ ಹೋದವರಲ್ಲಿ ಎರಡು ಥರದವರಿದ್ದಾರೆ. ಒಂದು, ಓಂ ಬೀಚ್‌ನಲ್ಲಿ ಫೋಟೊ ತೆಗೆಸಿಕೊಂಡು ವಾಪಸ್ ಬರುವವರು. ಇನ್ನೊಂದು, ಅಲ್ಲಿಂದ ಮುಂದೆ ಬಂಡೆಗಳ ಮೇಲೆ ನಡೆದು ಪೇಚಿಗೆ ಸಿಕ್ಕವರು. ನಾನು ಎರಡನೇ ಪಂಗಡ.

ಎರಡು ವರ್ಷದ ಹಿಂದಿನ ಮಾತು. ವಿದ್ಯಾನಗರದ ನಮ್ಮ ವಾಕಿಂಗ್ ಗುಂಪಿನ ಒಂಬತ್ತು ಜನ ಹುಣ್ಣಿಮೆ ನೋಡಿಕೊಂಡೇ ಹೋಗಿದ್ದೆವು. ರಾತ್ರಿ ಬೆಳದಿಂಗಳು ಚೆನ್ನಾಗಿರುತ್ತದೆ ಅಂತ. ಬೆಳಿಗ್ಗೆ ತಿಂಡಿ, ಕಾಫಿ, ಮತ್ತೊಂದು ಕಾಫಿ ಎಲ್ಲಾ ಮುಗಿಸಿ ಹಾಫ್ ಮೂನ್ ಬೀಚ್ ದಾಟುವಾಗ ಹನ್ನೊಂದು ಗಂಟೆ. ಅಲ್ಲಿ ಬಲೆ ಬಿಡಿಸುತ್ತ ಕೂತಿದ್ದ ಅಜ್ಜ ಒಬ್ಬರು ತಲೆಯೆತ್ತಿ, ‘ಈಗ ಹೋಗೂಕಾಗ. ನೀರು ಏರ್ತದೆ’ ಅಂದರು. ನಮ್ಮವರೊಬ್ಬರು, ‘ನಾವು ದುರ್ಗದ ಕೋಟೆ ಏರಿದೋರು, ಇದ್ಯಾವ ಲೆಕ್ಕ ಬಿಡ್ರೀ’ ಅಂದರು. ಇಪ್ಪತ್ತು ನಿಮಿಷದಲ್ಲಿ ಒಂದು ಅಲೆ ಬಂದು ನಮ್ಮ ಸೊಂಟದವರೆಗೆ ತೋಯಿಸಿ ಹೋಯಿತು. ಒಂದು ಶೂ, ಎರಡು ಮೊಬೈಲ್ ಸಮುದ್ರಕ್ಕೆ. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ಒಂದೇ ಬಂಡೆಯ ಮೇಲೆ ಒಂಬತ್ತು ಜನ ಮೂರು ಗಂಟೆ ಕೂತೆವು. ಬಿಸಿಲಲ್ಲಿ, ಕಾಗೆಗಳ ಥರ.

ಆಮೇಲೆ ಅದೇ ದಾರಿಯನ್ನು ನಾಲ್ಕು ಸಲ ನಡೆದಿದ್ದೇನೆ. ಒಂದು ಸಲವೂ ಶೂ ಹೋಗಿಲ್ಲ.

ಹಂತ 1: ದಿನ ಗೊತ್ತು ಮಾಡಿ

ಇದೇ ಎಲ್ಲರೂ ಎಡವುವ ಜಾಗ. ಹಾಗಾಗಿ ನಿಧಾನವಾಗಿ ಓದಿ.

ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಶಾಲೆಯ ಪುಸ್ತಕದಲ್ಲಿ ಇದು ಉಬ್ಬರವಿಳಿತ, ಕರಾವಳಿಯವರ ಬಾಯಲ್ಲಿ ಭರತ, ಇಳಿತ. ಒಂದು ಭರತಕ್ಕೂ ಅದರ ಮುಂದಿನ ಇಳಿತಕ್ಕೂ ನಡುವೆ ಆರು ಗಂಟೆ ಚಿಲ್ಲರೆ. ಚಂದ್ರ ದಿನವೂ ಸುಮಾರು 50 ನಿಮಿಷ ತಡವಾಗಿ ಮೂಡುತ್ತಾನಲ್ಲ, ಭರತವೂ ದಿನಕ್ಕೆ ಅಷ್ಟೇ ತಡ. ಅಂದರೆ ಸಮುದ್ರಕ್ಕೆ ನಮ್ಮ ಗಡಿಯಾರ ಲೆಕ್ಕಕ್ಕಿಲ್ಲ, ತಿಥಿ ಲೆಕ್ಕ. ಆ ತಿಥಿ ನಿಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲೇ ಇದೆ.

ಆ ಭಾಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಭರತ ಬರುವುದು ಹೆಚ್ಚುಕಮ್ಮಿ ಹನ್ನೊಂದೂವರೆ, ಹನ್ನೆರಡರ ಹೊತ್ತಿಗೆ. ಹನ್ನೊಂದೂವರೆ ಅಂತಲೇ ಇಟ್ಟುಕೊಳ್ಳಿ. ಅಲ್ಲಿಂದ ತಿಥಿಗೆ 50 ನಿಮಿಷ ಸೇರಿಸುತ್ತಾ ಹೋಗಿ. ಚೌತಿ ಅಂದರೆ ನಾಲ್ಕು, 200 ನಿಮಿಷ. ಭರತ ಮಧ್ಯಾಹ್ನ 2.50ಕ್ಕೆ. ಅದರಿಂದ ಆರು ಗಂಟೆ ಹಿಂದೆ ಹೋದರೆ ಬೆಳಿಗ್ಗೆ 8.50ಕ್ಕೆ ಇಳಿತ. ಬಂಡೆಗಳನ್ನು ದಾಟಲು ಬೇಕಾದ ಹೊತ್ತು ಅದೇ. ತದಿಗೆಯಿಂದ ಪಂಚಮಿವರೆಗೆ ಮೂರು ದಿನ ನಮಗೆ ಅನುಕೂಲ, ಶುಕ್ಲಪಕ್ಷವಾದರೂ ಸರಿ, ಕೃಷ್ಣಪಕ್ಷವಾದರೂ ಸರಿ. ಹುಣ್ಣಿಮೆ ದಾಟಿದ ಮೇಲೆ ಪಾಡ್ಯದಿಂದ ಮತ್ತೆ ಒಂದು, ಎರಡು ಅಂತ ಎಣಿಸಬೇಕು. ಹದಿನಾರು, ಹದಿನೇಳು ಅಂತ ಎಣಿಸಿ ತಲೆ ಕೆಡಿಸಿಕೊಂಡವರನ್ನೂ ನೋಡಿದ್ದೇನೆ.

ಹುಣ್ಣಿಮೆ, ಅಮಾವಾಸ್ಯೆ ಬೇಡ ಅನ್ನಲು ಇನ್ನೊಂದು ಕಾರಣ ಇದೆ. ಆಗ ಸೂರ್ಯ, ಚಂದ್ರ ಒಂದೇ ಸಾಲಿನಲ್ಲಿ ನಿಂತು ನೀರನ್ನು ಎಳೆಯುತ್ತವೆ. ಕಾರವಾರದ ಕಡೆ ಆ ದಿನಗಳಲ್ಲಿ ಏರಿಳಿತದ ಅಂತರ ಸುಮಾರು ಒಂದೂವರೆ ಮೀಟರ್. ಅಷ್ಟಮಿ ಹೊತ್ತಿಗೆ ಅದರ ಅರ್ಧದಷ್ಟು. ಒಂದೂವರೆ ಮೀಟರ್ ಅಂದರೆ ಎದೆಮಟ್ಟ ಅಲ್ವಾ? ಬೆಳಿಗ್ಗೆ ಒಣಗಿದ್ದ ಬಂಡೆಯ ಮೇಲೆ ಮಧ್ಯಾಹ್ನ ಎದೆಮಟ್ಟ ನೀರು, ಅದರ ಮೇಲೆ ಅಲೆ ಬೇರೆ.

ಈ ಲೆಕ್ಕ ದಿನ ಆರಿಸಲಿಕ್ಕೆ ಮಾತ್ರ. ಮುಕ್ಕಾಲು ಗಂಟೆ ಆಚೀಚೆ ಆಗಬಹುದು. ಸರಿಯಾದ ಸಮಯವನ್ನು ಹೊರಡುವ ಹಿಂದಿನ ದಿನ ಇನ್‌ಕಾಯಿಸ್ ಜಾಲತಾಣದಲ್ಲಿ ಕಾರವಾರದ ಹೆಸರಿನಲ್ಲಿ ನೋಡಿ. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ದೊಡ್ಡ ಅಲೆಗಳ ಎಚ್ಚರಿಕೆಯನ್ನೂ ಅದೇ ಕೊಡುತ್ತದೆ. ಎಚ್ಚರಿಕೆ ಇದ್ದರೆ ತಿಥಿ ಎಷ್ಟೇ ಚೆನ್ನಾಗಿರಲಿ, ಟ್ರಿಪ್ ಮುಂದಕ್ಕೆ ಹಾಕಿ.

ಮಳೆಗಾಲದ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳೇ ಮೀನಿಗೆ ಹೋಗುವ ಹಾಗಿಲ್ಲ. ನನ್ನ ಮಟ್ಟಿಗೆ ನವೆಂಬರಿನಿಂದ ಫೆಬ್ರುವರಿ. ಮಾರ್ಚ್ ಬಂತೆಂದರೆ ಬಿಸಿಲು ಜಾಸ್ತಿ.

ಹಂತ 2: ಹೋಗಿ ಮಲಗಿ

ಹಾವೇರಿ, ಶಿರಸಿ, ದೇವಿಮನೆ ಘಟ್ಟ, ಕುಮಟಾ, ಗೋಕರ್ಣ. ಐದಾರು ಗಂಟೆ. ಘಟ್ಟದ ರಸ್ತೆ ತೆರೆದಿದೆಯೇ ಅಂತ ಮೊದಲೇ ವಿಚಾರಿಸಿ, ಇಲ್ಲದಿದ್ದರೆ ಸಾಗರ, ಹೊನ್ನಾವರದ ಮೇಲೆ ಸುತ್ತಬೇಕು. ರಾತ್ರಿಯಿಡೀ ಗಾಡಿ ಓಡಿಸಿ ಬೆಳಿಗ್ಗೆ ನೇರ ನಡೆಯಲು ಹೊರಡುವುದು ಬೇಡವೇ ಬೇಡ. ಹಿಂದಿನ ಸಂಜೆಯೇ ತಲುಪಿ, ಊಟ ಮಾಡಿ, ಒಂಬತ್ತಕ್ಕೆ ದೀಪ ಆರಿಸಿ.

ಹಂತ 3: ಚೀಲ

ತಲೆಗೆ ಎರಡು ಲೀಟರ್ ನೀರು, ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು, ಟೋಪಿ, ಒಂದು ಟವೆಲ್. ನಮ್ಮ ಕಡೆಯ ಬಿಸಿಲು ಒಣ ಬಿಸಿಲು, ಬೆವರು ಬಂದದ್ದೇ ಆರುತ್ತದೆ. ಅಲ್ಲಿ ಆರುವುದಿಲ್ಲ. ಮೈ ತೋಯುತ್ತದೆ, ತಂಪಾಗುವುದಿಲ್ಲ. ಅದಕ್ಕೇ ಹೇಳುವುದು, ನೀರು ಕಡಿಮೆ ಮಾಡಬೇಡಿ.

ತಿನ್ನಲು ಮಂಡಕ್ಕಿ ಒಯ್ಯಬೇಡಿ. ದಾವಣಗೆರೆಯವನಾಗಿ ಈ ಮಾತು ಬರೆಯಲು ಕೈ ಬರುವುದಿಲ್ಲ, ಆದರೂ ಬೇಡ. ಪೊಟ್ಟಣ ಬಿಚ್ಚಿ ಕಾಲು ಗಂಟೆಯಲ್ಲಿ ಸಮುದ್ರದ ಗಾಳಿಗೆ ಹತ್ತಿಯ ಹಾಗೆ ಮೆತ್ತಗಾಗುತ್ತದೆ. ಚಪಾತಿ, ಶೇಂಗಾ ಚಟ್ನಿಪುಡಿ, ಬಾಳೆಹಣ್ಣು ಸಾಕು.

ಶೂ ವಿಷಯದಲ್ಲಿ ಜಿಪುಣತನ ಬೇಡ. ಅಡಿ ಚಪ್ಪಟೆಯಾಗಿರುವ ಬಿಳಿ ಶೂ ಮದುವೆ ಮನೆಗೆ ಸರಿ. ಹವಾಯಿ ಚಪ್ಪಲಿ ಒದ್ದೆ ಬಂಡೆಯ ಮೇಲೆ ಸೋಪಿನ ಹಾಗೆ ಜಾರುತ್ತದೆ. ಅಡಿಯಲ್ಲಿ ಆಳವಾದ ಗೀರುಗಳಿರುವ, ಈಗಾಗಲೇ ಕಾಲಿಗೆ ಒಗ್ಗಿದ ಹಳೇ ಶೂ ಹಾಕಿ. ಜೀನ್ಸ್ ಒದ್ದೆಯಾದರೆ ತೊಡೆ ಕಿತ್ತುಹೋಗುತ್ತದೆ, ಬರ್ಮುಡಾ ವಾಸಿ. ಬೀದಿಯಲ್ಲಿ ಮಾರುವ, ಕತ್ತಿಗೆ ನೇತುಹಾಕುವ ಪ್ಲಾಸ್ಟಿಕ್ ಮೊಬೈಲ್ ಚೀಲ ನಂಬಬೇಡಿ. ನಮ್ಮ ಎರಡು ಮೊಬೈಲುಗಳಲ್ಲಿ ಒಂದು ಅದರೊಳಗೇ ಇತ್ತು. ದಾರ ಕಿತ್ತು ಚೀಲದ ಸಮೇತ ಹೋಯಿತು.

ಹಂತ 4: ತುದಿಯಿಂದ ಊರಿನ ಕಡೆಗೆ ನಡೆಯಿರಿ

ಎಲ್ಲರೂ ಗೋಕರ್ಣದಿಂದ ಶುರು ಮಾಡಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ದಕ್ಷಿಣಕ್ಕೆ ಹೋಗುತ್ತಾರೆ. ನಾನು ತಿರುಗಿಸಿ ಹೇಳುತ್ತೇನೆ. ಬೆಳಿಗ್ಗೆ ಆಟೊ ಹಿಡಿದು ಬೇಲೆಕಾನ ಬೀಚಿಗೆ ಹೋಗಿ, ಅಲ್ಲಿಂದ ಉತ್ತರಕ್ಕೆ ಬನ್ನಿ. ಕಷ್ಟದ ಬಂಡೆಗಳು ಕಾಲಲ್ಲಿ ಕಸುವಿರುವಾಗಲೇ ಮುಗಿಯುತ್ತವೆ. ಪೂರ್ವಕ್ಕೆ ಗುಡ್ಡ ಇರುವುದರಿಂದ ಬೆಳಗಿನ ಹೊತ್ತು ಎಷ್ಟೋ ದೂರ ನೆರಳಲ್ಲೇ ನಡೆಯಬಹುದು. ಸುಸ್ತಾಗುವ ಹೊತ್ತಿಗೆ ಹೋಟೆಲು, ಎಳನೀರು, ಬಸ್‌ಸ್ಟ್ಯಾಂಡ್ ಎದುರು ಬರುತ್ತವೆ. ಒಟ್ಟು ಹೆಚ್ಚುಕಮ್ಮಿ ಎಂಟು, ಹತ್ತು ಕಿ.ಮೀ.

ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ ಬೇಲೆಕಾನದಲ್ಲಿರಬೇಕು. ಚೌತಿಯ ದಿನ ಅಂದರೆ ಬೆಳಿಗ್ಗೆ ಏಳೂಕಾಲಿಗೆ.

ಹಂತ 5: ಬಂಡೆಗಳು

ಪ್ಯಾರಡೈಸ್‌ನಿಂದ ಹಾಫ್ ಮೂನ್‌ವರೆಗಿನ ದಾರಿ. ಇಲ್ಲಿ ದುರ್ಗದ ಅನುಭವವನ್ನು ಮೂಟೆ ಕಟ್ಟಿ ಪಕ್ಕಕ್ಕಿಡಿ. ಕೋಟೆಯ ಬಂಡೆ ಒಣಗಿರುತ್ತದೆ, ಒರಟಾಗಿರುತ್ತದೆ, ಅಂಗಾಲು ಇಟ್ಟಲ್ಲೇ ಕಚ್ಚಿಕೊಳ್ಳುತ್ತದೆ. ಸಮುದ್ರದ ಬಂಡೆ ಹಾಗಲ್ಲ. ಕೆಳಗಿನಿಂದ ಮೇಲೆ ಬಣ್ಣ ನೋಡಿ. ನೀರಿಗೆ ಹತ್ತಿರ ಕಪ್ಪು, ಹಸಿರಾಗಿ ಹೊಳೆಯುವುದು ಪಾಚಿ, ಅಲ್ಲಿ ಕಾಲಿಟ್ಟರೆ ಬಿದ್ದಿರಿ ಅಂತಲೇ ಲೆಕ್ಕ. ಅದರ ಸುತ್ತ ಬಂಡೆಗೆ ಅಂಟಿದ ಚಿಪ್ಪುಗಳ ಪಟ್ಟಿ ಇರುತ್ತದೆ, ಬ್ಲೇಡಿನಷ್ಟು ಹರಿತ. ಜಾರಿದವರು ಕೈ ಊರುವುದು ಸರಿಯಾಗಿ ಅದರ ಮೇಲೇ. ಇನ್ನೂ ಮೇಲೆ ಬಣ್ಣ ತಿಳಿಯಾಗಿ, ಒಣಗಿರುವ ಜಾಗವೇ ನಿಮ್ಮ ದಾರಿ.

ಹೆಜ್ಜೆ ಇಡುವ ಮೊದಲು ಹತ್ತು ನಿಮಿಷ ಸುಮ್ನೆ ನಿಂತು ಅಲೆ ನೋಡಿ. ಅಲೆಗಳು ಒಂದೇ ಸಮ ಬರುವುದಿಲ್ಲ. ಸಣ್ಣ ಸಣ್ಣವು ಬಂದು ಬಂದು, ನಡುವೆ ಮೂರ್ನಾಲ್ಕು ದೊಡ್ಡವು ಒಟ್ಟಿಗೆ ಬರುತ್ತವೆ. ಆ ದೊಡ್ಡವು ಎಲ್ಲಿವರೆಗೆ ಒದ್ದೆ ಮಾಡುತ್ತವೆಯೋ ಅದಕ್ಕಿಂತ ಆಳೆತ್ತರ ಮೇಲೆ ನಡೆಯಬೇಕು. ಮೊಬೈಲ್ ಚೀಲದಲ್ಲಿ, ಎರಡೂ ಕೈ ಖಾಲಿ. ಒಂದು ಕಾಲು ಎತ್ತುವಾಗ ಇನ್ನೊಂದು ಕಾಲು, ಎರಡೂ ಕೈ ಬಂಡೆಗೆ ತಾಗಿರಲಿ. ಜಿಗಿಯಬೇಡಿ. ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿಗೆ ನಿಲ್ಲಬೇಡಿ. ನೀರು ಏರಿದೆ ಅನಿಸಿದರೆ ಗುಡ್ಡದ ಮೇಲಿನ ಕಾಲುದಾರಿ ಹಿಡಿಯಿರಿ. ಸುತ್ತು ಜಾಸ್ತಿ, ಚಿರೇಕಲ್ಲಿನ ಪುಡಿಗಲ್ಲು ಇಳಿಜಾರಿನಲ್ಲಿ ಉರುಳುತ್ತದೆ, ಆದರೂ ನೀರಿಗಿಂತ ಮೇಲು. ಅದೂ ಬೇಡವೆಂದರೆ ದೋಣಿ ಇದೆ. ದೋಣಿ ಹತ್ತಿದರೆ ಯಾರೂ ನಗುವುದಿಲ್ಲ. ಹತ್ತುವ ಮೊದಲು ಲೈಫ್ ಜಾಕೆಟ್ ಕೇಳಿ. ಕೊಟ್ಟ ಮೇಲೆ ಅದರ ಬಕಲ್ ಹಾಕಿ ನೋಡಿ, ಕೆಲವಕ್ಕೆ ಬಕಲ್ಲೇ ಇರುವುದಿಲ್ಲ.

ಹಂತ 6: ಈಜು

ಭದ್ರಾ ನಾಲೆಯಲ್ಲಿ, ತೋಟದ ಬಾವಿಯಲ್ಲಿ ಈಜು ಕಲಿತವರಿಗೇ ಇಲ್ಲಿ ಅಪಾಯ ಜಾಸ್ತಿ, ಧೈರ್ಯ ಇರುತ್ತದಲ್ಲ. ನಾಲೆಯ ನೀರು ಒಂದೇ ಕಡೆ ಹೋಗುತ್ತದೆ. ಇಲ್ಲಿ ದಡಕ್ಕೆ ಬಂದ ಅಲೆಯ ನೀರೆಲ್ಲ ಒಂದು ಸಂದಿ ಹುಡುಕಿಕೊಂಡು ವಾಪಸ್ ಓಡುತ್ತದೆ. ಅದೇ ಸೆಳವು. ಅಲೆ ಒಡೆಯದೆ, ನೀರು ಶಾಂತವಾಗಿ ಕಪ್ಪಗೆ ಕಾಣುವ ಜಾಗ. ‘ಇಲ್ಲಿ ಅಲೆನೇ ಇಲ್ಲ ನೋಡ್ರೀ, ಬರ್ರಿ’ ಅಂತ ಜನ ಇಳಿಯುವುದು ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆ ಕೈ ಬೀಸಿ ಸುಸ್ತಾಗಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವು ಬಿಟ್ಟ ಮೇಲೆ ದಡಕ್ಕೆ ಬನ್ನಿ. ಈಜಲು ಆಗದಿದ್ದರೆ ಮಲಗಿ ತೇಲುತ್ತಾ ಕೈ ಎತ್ತಿ ಕೂಗಿ.

ಲಾರಿ ಟ್ಯೂಬ್ ತರುವವರಿಗೆ ಒಂದು ಮಾತು. ಕೆರೆಯಲ್ಲಿ ಟ್ಯೂಬ್ ನಿಮ್ಮನ್ನು ಕಾಯುತ್ತದೆ. ಸಮುದ್ರದಲ್ಲಿ ಭೂಮಿ ಕಡೆಯಿಂದ ಗಾಳಿ ಬೀಸಿದರೆ ಅದೇ ಟ್ಯೂಬ್ ನಿಮ್ಮನ್ನು ಒಳಕ್ಕೆ ತಳ್ಳಿಕೊಂಡು ಹೋಗುತ್ತದೆ. ಮನೆಯಲ್ಲೇ ಬಿಡಿ. ಈಜಲೇಬೇಕೆಂದರೆ ಜೀವರಕ್ಷಕರು ಇರುವ ಬೀಚಿನಲ್ಲಿ, ಅವರ ಕಣ್ಣೆದುರಿಗೆ ಮಾತ್ರ.

ಹಂತ 7: ಓಂ, ಕುಡ್ಲೆ, ಊರು

ಇದಕ್ಕೆ ಹೇಳಿಕೊಡುವುದೇನಿಲ್ಲ, ದಾರಿ ಸಲೀಸು. ಓಂ ಬೀಚಿನ ಆಕಾರ ಮರಳಲ್ಲಿ ನಿಂತರೆ ಕಾಣುವುದಿಲ್ಲ, ಗುಡ್ಡದ ಮೇಲಿನಿಂದ ನೋಡಿ. ಮಹಾಬಲೇಶ್ವರನ ದರ್ಶನಕ್ಕೆ ಗಂಡಸರು ಪಂಚೆ ಇಟ್ಟುಕೊಳ್ಳಿ, ಅಂಗಿ ತೆಗೆಯಬೇಕು. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಸಂಜೆಗೆ ಇಟ್ಟುಕೊಳ್ಳಿ. ಸೂರ್ಯ ಮುಳುಗುವುದನ್ನು ಕುಡ್ಲೆಯಲ್ಲಿ ನೋಡುವುದಾದರೆ ಡಿಸೆಂಬರಿನಲ್ಲಿ ಐದೂವರೆಗೇ ಅಲ್ಲಿರಿ.

ಮರುದಿನ ಉಳಿದರೆ ಮಿರ್ಜಾನ್ ಕೋಟೆ ಅಥವಾ ಯಾಣ, ಒಂದನ್ನೇ ಆರಿಸಿ. ನನ್ನ ಓಟು ಯಾಣಕ್ಕೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಪ್ಪು ಸುಣ್ಣಕಲ್ಲು. ಕೋಟೆ ನೋಡಲು ದುರ್ಗದ ಪಕ್ಕದಲ್ಲಿರುವ ನಾವು ಅಷ್ಟು ದೂರ ಹೋಗಬೇಕಾ?

ಹಂತ 8: ಮನೆಗೆ ಬಂದ ಮೇಲೆ

ಶೂ ಅದೇ ದಿನ ಸಿಹಿ ನೀರಲ್ಲಿ ತೊಳೆಯಿರಿ. ಉಪ್ಪು ಕೂತರೆ ಹೊಲಿಗೆ ಕೊಳೆಯುತ್ತದೆ. ಬಿಸಿಲಿಗಿಡದೆ, ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಈ ಪುರವಣಿಯೂ ಆಗುತ್ತದೆ, ಭರತದ ಲೆಕ್ಕ ಇರುವ ಭಾಗ ಕತ್ತರಿಸಿ ಕ್ಯಾಲೆಂಡರಿಗೆ ಸಿಕ್ಕಿಸಿಕೊಂಡ ಮೇಲೆ.